ಗಾಡಿ ಹೋಗದ ಕೋಟೆಗೆ ಮನೆಮಂದಿಯ ನಡಿಗೆ

ಡನ್‌ಸ್ಟನ್‌ಬರೋ ಕೋಟೆಗೆ ರಸ್ತೆಯಿಲ್ಲ. ಇಂಗ್ಲೆಂಡಿನ ಈಶಾನ್ಯ ತುದಿಯ ನಾರ್ಥಂಬರ್ಲೆಂಡ್ ಕರಾವಳಿಯಲ್ಲಿ, ಉತ್ತರ ಸಮುದ್ರಕ್ಕೆ ಚಾಚಿಕೊಂಡ ಕಪ್ಪು ಬಂಡೆಯ ಮೇಲೆ ಅದು ಒಂಟಿಯಾಗಿ ನಿಂತಿದೆ. ದಕ್ಷಿಣದ ಕಡೆಯಿಂದ ಹೋಗುವವರು ಕ್ರಾಸ್ಟರ್ ಎಂಬ ಮೀನುಗಾರರ ಹಳ್ಳಿಯಲ್ಲಿ ಗಾಡಿ ಬಿಟ್ಟು ದಡದ ಹುಲ್ಲಿನ ಮೇಲೆ ಸುಮಾರು 2 ಕಿಲೋಮೀಟರ್ ನಡೆಯಬೇಕು. ಉತ್ತರದಿಂದಾದರೆ ಎಂಬಲ್ಟನ್ ಕೊಲ್ಲಿಯ ಮರಳಿನ ಮೇಲೆ ನಡಿಗೆ. ಶ್ರೀಮಂತನಿಗೂ ಬಡವನಿಗೂ ಬೇರೆ ದಾರಿಯಿಲ್ಲ.

ಅಲ್ಲಿಗೆ ಹೋಗುವ ಮಾತು ಮನೆಯಲ್ಲಿ ಎತ್ತಿದ ಕೂಡಲೇ ಎರಡು ಪಕ್ಷಗಳಾದವು. ಬೇಸಿಗೆಗೆಂದು ಅತ್ತೆ ಮಾವ ಊರಿನಿಂದ ಬಂದಿದ್ದರು. ಮಾವನವರಿಗೆ ಮಂಡಿನೋವು, ನಮ್ಮ ಮಗಳಿಗೆ ಆರು ವರ್ಷ. ಗಂಡನದು ಮಾತ್ರ ದೊಡ್ಡ ಯೋಜನೆ: ಲೋ ನ್ಯೂಟನ್ ಎಂಬಲ್ಲಿಂದ ಹೊರಟು, ಇಡೀ ಕೊಲ್ಲಿಯನ್ನು ಬಳಸಿ, ಕೋಟೆ ನೋಡಿಕೊಂಡು ಕ್ರಾಸ್ಟರ್ ತಲುಪಿ, ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗುವುದು. ನಕ್ಷೆಯ ಮೇಲೆ ಅದು ಬಹಳ ಚಂದ. ಆದರೆ ಆರು ಕಿಲೋಮೀಟರಿಗೂ ಮಿಕ್ಕಿದ ದಾರಿ, ನಡುವೆ ತೊರೆ, ಮೆತ್ತನೆಯ ಮರಳು. ಮರಳಿನಲ್ಲಿ ಹೂತುಹೋಗುವ ಕಾಲನ್ನು ಎತ್ತಿ ಎತ್ತಿ ಇಡುವಾಗ ಮಂಡಿ ಏನು ಹೇಳುತ್ತದೆ ಎಂಬುದು ನಕ್ಷೆಗೆ ಗೊತ್ತಿಲ್ಲ. ಕುಟುಂಬದ ನಡಿಗೆಗೆ ಲೆಕ್ಕ ಹಾಕಬೇಕಾದದ್ದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಂದ ಎಂದು ನಾನು ಪಟ್ಟು ಹಿಡಿದೆ. ಕ್ರಾಸ್ಟರ್‌ನಿಂದ ಹೋಗುವುದು, ಅದೇ ದಾರಿಯಲ್ಲಿ ವಾಪಸು ಬರುವುದು ಎಂದು ತೀರ್ಮಾನವಾಯಿತು. ಹೋದ ದಾರಿಯಲ್ಲೇ ಬರುವುದಕ್ಕೆ ಒಂದು ದೊಡ್ಡ ಅನುಕೂಲವಿದೆ: ಸುಸ್ತಾದವರು ಯಾವ ಜಾಗದಲ್ಲಿ ಬೇಕಾದರೂ ತಿರುಗಿಬಿಡಬಹುದು.

ಕಡಲ ದಂಡೆಯ ನಡಿಗೆ ಎಂದಾಕ್ಷಣ ಉಬ್ಬರವಿಳಿತದ ವೇಳಾಪಟ್ಟಿ ನೋಡುವುದು ಇಲ್ಲಿನವರ ರೂಢಿ. ಕ್ರಾಸ್ಟರ್ ಕಡೆಯ ಕಾಲುದಾರಿ ದಡದ ಮೇಲಿನ ಹುಲ್ಲುಗಾವಲಿನಲ್ಲಿ ಹಾದುಹೋಗುವುದರಿಂದ ಉಬ್ಬರ ಬಂದರೂ ಅದಕ್ಕೆ ತೊಂದರೆಯಿಲ್ಲ. ವೇಳಾಪಟ್ಟಿ ಬೇಕಾಗುವುದು ಮಕ್ಕಳಿಗಾಗಿ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಏಡಿ, ಶಂಖದ ಹುಳು, ಕಡಲ ಪಾಚಿ ಎಲ್ಲವೂ ಸಿಗುತ್ತವೆ. ಉಬ್ಬರದಲ್ಲಿ ಬರೀ ನೊರೆ.

ನಿಜವಾಗಿ ಎಚ್ಚರ ಬೇಕಾದದ್ದು ಗಾಳಿಯ ವಿಷಯದಲ್ಲಿ. ಜುಲೈ ತಿಂಗಳಿನಲ್ಲೂ ಇಲ್ಲಿ ಕಿವಿ ಮುಚ್ಚುವ ಟೊಪ್ಪಿ ಬೇಕು. ಅತ್ತೆ ಚೀಲಕ್ಕೆ ಹಾಕಿದ್ದ ಕೊಡೆಯನ್ನು ನಾನು ಹೊರಗಿಟ್ಟೆ, ಅವರು ಮತ್ತೆ ಒಳಗಿಟ್ಟರು. ಇನ್ನೊಂದು, ಬೇಸಿಗೆಯಲ್ಲಿ ಒಳನಾಡೆಲ್ಲ ಬಿಸಿಲಿರುವಾಗ ದಡಕ್ಕೆ ಮಾತ್ರ ಮುತ್ತಿಕೊಳ್ಳುವ ಕಡಲ ಮಂಜು. ಇಲ್ಲಿಯವರು ಅದನ್ನು ಫ್ರೆಟ್ ಎನ್ನುತ್ತಾರೆ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಬಂದಾಗ ಅದರಲ್ಲಿನ ತೇವವೇ ಮಂಜಾಗುತ್ತದೆ. ಅದು ಕವಿದ ದಿನ ಇಷ್ಟು ದೊಡ್ಡ ಕೋಟೆಯೂ ಕಾಣುವುದಿಲ್ಲ. ಅಂಥ ದಿನ ಬಂದರೆ ಏನು ಮಾಡುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು: ಕ್ರಾಸ್ಟರ್‌ನಲ್ಲಿ ಚಹಾ ಕುಡಿದು ಮನೆಗೆ ಹೋಗುವುದು. ಅದೃಷ್ಟಕ್ಕೆ ಅದರ ಅಗತ್ಯ ಬೀಳಲಿಲ್ಲ.

ಕ್ರಾಸ್ಟರ್‌ನ ವಾಹನ ನಿಲ್ದಾಣ ಇರುವುದು ಹಳೆಯ ಕಲ್ಲುಗಣಿಯೊಳಗೆ. ರಜಾದಿನಗಳಲ್ಲಿ ಬೇಗ ತುಂಬುತ್ತದೆ, ಹಾಗಾಗಿ ಬೆಳಿಗ್ಗೆಯೇ ತಲುಪಬೇಕು. ಕಾರಿಲ್ಲದವರಿಗೆ ನ್ಯೂಕಾಸಲ್ ಕಡೆಯಿಂದ ಎಕ್ಸ್18 ಬಸ್ಸಿದೆ. ವಾಹನ ನಿಲ್ದಾಣದ ಶೌಚಾಲಯಕ್ಕೆ ಎಲ್ಲರನ್ನೂ ಕಡ್ಡಾಯವಾಗಿ ಕಳುಹಿಸಿದ ಮೇಲೆಯೇ ಹೊರಟಿದ್ದು. ಪುಟ್ಟ ಬಂದರಿನ ಬಳಿ ಓಕ್ ಮರದ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಹೆರಿಂಗ್ ಮೀನನ್ನು ಸೀಳಿ ಹೊಗೆಯಲ್ಲಿ ತೂಗುಹಾಕಿ ಮಾಡುವ ಕಿಪ್ಪರ್‌ಗೆ ಈ ಹಳ್ಳಿ ಹೆಸರುವಾಸಿ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗ ಬೇಗ ಮುಂದೆ ನಡೆದರು. ನಮ್ಮ ತಂಡದ ವೇಗ ಅತಿ ಹೆಚ್ಚಾಗಿದ್ದದ್ದು ಆ ನೂರು ಗಜದಲ್ಲಿ.

ಕೊನೆಯ ಮನೆಗಳ ಸಾಲು ಮುಗಿದು ಗೇಟು ದಾಟಿದರೆ ಸಾಕು, ಕೋಟೆ ಎದುರಿಗೇ ಕಾಣುತ್ತದೆ. ಎಡಕ್ಕೆ ಉದ್ದಕ್ಕೂ ಗುಡ್ಡದ ದಿಣ್ಣೆ, ಬಲಕ್ಕೆ ಕಡಲು, ನಡುವೆ ಕುರಿಗಳು ಮೇಯ್ದು ನುಣುಪಾಗಿಸಿದ ಹುಲ್ಲು. ದಾರಿ ಬಹುಪಾಲು ಸಮತಟ್ಟು. ಮಗಳು ಬಂಡೆಯಿಂದ ಬಂಡೆಗೆ ಹಾರುತ್ತ ಹೋದಳು. ಕೆಳಗಿನ ಕಪ್ಪು ಕಲ್ಲು ಡಾಲರೈಟ್, ಸುಮಾರು 29 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಭೂಮಿಯೊಳಗಿನ ಪದರಗಳ ನಡುವೆ ನುಗ್ಗಿ ತಣ್ಣಗಾದದ್ದು. ವಿನ್ ಸಿಲ್ ಎಂದು ಕರೆಯುವ ಇದೇ ಶಿಲೆಯ ಮೇಲೆಯೇ ಒಳನಾಡಿನಲ್ಲಿ ರೋಮನ್ನರು ತಮ್ಮ ಸಾಮ್ರಾಜ್ಯದ ಗಡಿಯ ಹೇಡ್ರಿಯನ್ ಗೋಡೆಯ ಒಂದು ಭಾಗವನ್ನು ಕಟ್ಟಿದರು.

ಅರ್ಧ ದಾರಿಯಲ್ಲಿ ಮಾವ ಒಂದು ಬಂಡೆ ನೋಡಿ ಕುಳಿತರು. "ಕಟ್ಟಿಸಿದವನಿಗೆ ಇಷ್ಟು ದೂರ ಬಂದು ಕಟ್ಟಿಸುವ ಅಗತ್ಯವೇನಿತ್ತು?" ಎಂದರು. ಮೂವತ್ತು ವರ್ಷ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವರು, ಪ್ರಶ್ನೆ ಸರಿಯಾಗಿಯೇ ಇತ್ತು. ಕಟ್ಟಿಸಿದವನು ಲ್ಯಾಂಕಾಸ್ಟರಿನ ಅರ್ಲ್ (ದೊಡ್ಡ ಜಹಗೀರುದಾರ) ಥಾಮಸ್, ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡನ ದಾಯಾದಿ. ದೊರೆಯ ಆಪ್ತ ಪಿಯರ್ಸ್ ಗೇವ್‌ಸ್ಟನ್‌ನನ್ನು 1312ರಲ್ಲಿ ಕೊಲ್ಲಿಸಿದ ಗುಂಪಿನಲ್ಲಿ ಇವನೂ ಇದ್ದ. ಮರುವರ್ಷವೇ, 1313ರಲ್ಲಿ, ಇಲ್ಲಿ ಕೆಲಸ ಶುರು. ಕೋಟೆ ಕಟ್ಟಲು ಅನುಮತಿ ಪತ್ರವನ್ನು 1315ರಲ್ಲಿ ಕೊಟ್ಟವನೂ ಅದೇ ದೊರೆ! ಸುತ್ತಲೂ ಕೆರೆಗಳನ್ನು ತೋಡಿಸಿ, ನೀರಿನಲ್ಲಿ ಕೋಟೆಯ ಬಿಂಬ ಬೀಳುವಂತೆ ಮಾಡಿಸಿದ್ದ ಎಂದು ನೆಲವನ್ನು ಅಳೆದು ನೋಡಿದ ಪುರಾತತ್ವಜ್ಞರು ಹೇಳುತ್ತಾರೆ. ಕೆರೆಗಳು ಈಗ ಜೌಗು ತಗ್ಗುಗಳಾಗಿ ಉಳಿದಿವೆ. ನನಗೆ ಅನಿಸುವಂತೆ ಇದು ಬಚ್ಚಿಟ್ಟುಕೊಳ್ಳಲು ಕಟ್ಟಿಸಿದ ಕೋಟೆಯಲ್ಲ, ದೂರದಿಂದ ಬರುವವನು ನೋಡಿ ನೋಡಿ ಕುಗ್ಗಲಿ ಎಂದು ಕಟ್ಟಿಸಿದ್ದು. ಬಾಗಿಲ ತನಕ ಕಾರಿನಲ್ಲಿ ಹೋಗಿ ಇಳಿಯುವಂತಿದ್ದರೆ ಅವನ ಹುನ್ನಾರವೇ ನಮಗೆ ತಿಳಿಯುತ್ತಿರಲಿಲ್ಲ. ನಡೆಯುತ್ತ ಹೋದಂತೆ ಮಹಾದ್ವಾರದ ಜೋಡಿ ಬುರುಜುಗಳು ಬೆಳೆಯುತ್ತಲೇ ಹೋಗುತ್ತವೆ.

"ಆಮೇಲೆ ಅವನೇನಾದ?" ಅತ್ತೆಗೆ ಕಥೆಯ ಕೊನೆ ಬೇಕಿತ್ತು. 1322ರಲ್ಲಿ ದೊರೆಯ ವಿರುದ್ಧ ದಂಗೆಯೆದ್ದು, ಬಹುಶಃ ಈ ಕೋಟೆಯನ್ನೇ ಸೇರಿಕೊಳ್ಳಲು ಉತ್ತರಕ್ಕೆ ಓಡಿಬರುತ್ತಿದ್ದಾಗ ಬರೋಬ್ರಿಜ್ ಎಂಬಲ್ಲಿ ಸೋತು ಸಿಕ್ಕಿಬಿದ್ದ. ತನ್ನದೇ ಪಾಂಟಿಫ್ರಾಕ್ಟ್ ಕೋಟೆಯ ಬಳಿ ಅವನ ತಲೆ ಹೊಡೆಸಿದರು. "ಇಷ್ಟೆಲ್ಲ ಖರ್ಚು ಮಾಡಿ!" ಎಂದರು ಅತ್ತೆ.

ಒಳಗೆ ಹೋಗಲು ಟಿಕೆಟ್ ಬೇಕು. ಕೋಟೆ ನ್ಯಾಷನಲ್ ಟ್ರಸ್ಟಿನದು, ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್; ಎರಡೂ ಹಳೆಯ ಸ್ಮಾರಕಗಳನ್ನು ಕಾಪಾಡುವ ಸಂಸ್ಥೆಗಳು. ಎರಡರಲ್ಲಿ ಯಾವುದರ ಸದಸ್ಯತ್ವವಿದ್ದರೂ ಪ್ರವೇಶ ಉಚಿತ. ಚಳಿಗಾಲದಲ್ಲಿ ತೆರೆದಿರುವ ದಿನಗಳು ಕಡಿಮೆ, ನೋಡಿಕೊಂಡು ಹೋಗುವುದು ಒಳ್ಳೆಯದು. ಗೋಡೆಯೊಳಗೆ ಸುಮಾರು 11 ಎಕರೆ ಬಯಲು, ಅದರಲ್ಲಿ ಹೆಚ್ಚಿನದು ಬರೀ ಹುಲ್ಲು. ಅರಮನೆ, ಸಿಂಹಾಸನ ಎಂದುಕೊಂಡು ಬಂದ ಮಗಳಿಗೆ ನಿರಾಸೆ. ಮಹಾದ್ವಾರವನ್ನು 1380ರ ದಶಕದಲ್ಲಿ ಆಗಿನ ಲ್ಯಾಂಕಾಸ್ಟರ್ ಡ್ಯೂಕ್ ಜಾನ್ ಆಫ್ ಗಾಂಟ್ ಮುಚ್ಚಿಸಿ, ಅದನ್ನೇ ವಾಸದ ಬುರುಜಾಗಿ ಮಾಡಿಕೊಂಡು, ಪಕ್ಕದಲ್ಲಿ ಬೇರೆ ಬಾಗಿಲು ತೆರೆಸಿದ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಗುಲಾಬಿಗಳ ಯುದ್ಧದಲ್ಲಿ ಕೋಟೆ 1462ರಲ್ಲೂ 1464ರಲ್ಲೂ ಮುತ್ತಿಗೆಗೆ ಸಿಕ್ಕಿತು, ಆಮೇಲೆ ಯಾರೂ ಸರಿಯಾಗಿ ರಿಪೇರಿ ಮಾಡಿಸಲಿಲ್ಲ. ಇಂಗ್ಲಿಷ್ ಚಿತ್ರಕಾರ ಟರ್ನರ್ 1797ರಲ್ಲಿ ಇಲ್ಲಿಗೆ ಬಂದು ಚಿತ್ರ ಬರೆದದ್ದು ಈ ಪಾಳು ರೂಪವನ್ನೇ.

ಬುರುಜಿನ ಸುರುಳಿ ಮೆಟ್ಟಿಲು ಇಕ್ಕಟ್ಟು, ಮಾವ ಕೆಳಗೇ ಉಳಿದರು. ನನಗೆ ಮೆಟ್ಟಿಲಿಗಿಂತ ಗೋಡೆಯೇ ಹಿಡಿಸಿತು. ಏಳು ಶತಮಾನದ ಉಪ್ಪುಗಾಳಿ ಮರಳುಗಲ್ಲನ್ನು ಕೊರೆದು ಜೇನುಹುಟ್ಟಿನಂತೆ ಮಾಡಿದೆ. ಒಂದು ತೂತಿನೊಳಗೆ ಬೆರಳಿಟ್ಟರೆ ನುಣ್ಣನೆಯ ಮರಳು ಉದುರುತ್ತದೆ, ಆದರೆ ಕಲ್ಲುಗಳ ನಡುವಿನ ಗಾರೆ ಕೆಲವು ಕಡೆ ಕಲ್ಲಿಗಿಂತ ಮುಂದಕ್ಕೆ ಚಾಚಿಕೊಂಡು ನಿಂತಿದೆ.

ಮಗಳ ನಿರಾಸೆ ತೀರಿದ್ದು ಉತ್ತರದ ಅಂಚಿನಲ್ಲಿ. ಅಲ್ಲಿ ಗೋಡೆಯಿಲ್ಲ, ನೇರ ಬಂಡೆಯೇ ಗೋಡೆ. ಬೇಸಿಗೆಯಲ್ಲಿ ಅದರ ಸಣ್ಣ ಸಣ್ಣ ಅಂಚುಗಳ ಮೇಲೆ ಕಿಟ್ಟಿವೇಕ್ ಹಕ್ಕಿಗಳು ಗೂಡು ಮಾಡಿ, ತಮ್ಮ ಹೆಸರನ್ನೇ ಕೂಗುತ್ತ ಜಗಳವಾಡುತ್ತವೆ. ಫುಲ್ಮಾರ್ ಎಂಬ ಇನ್ನೊಂದು ಹಕ್ಕಿ ಹತ್ತಿರ ಬಂದವರ ಮೇಲೆ ಹೊಟ್ಟೆಯಿಂದ ನಾರುವ ಎಣ್ಣೆಯನ್ನು ಉಗುಳುತ್ತದೆ ಎಂದು ಗಂಡ ಹೇಳಿದ್ದೇ ತಡ, ಅವಳಿಗೆ ಮತ್ತೆ ಯಾವ ಇತಿಹಾಸವೂ ಬೇಡವಾಯಿತು. ಅಂಚಿನಲ್ಲಿ ಮಕ್ಕಳ ಕೈ ಬಿಡಬಾರದು. ನಾನು ಅವಳ ಅಂಗಿಯ ಕಾಲರನ್ನೇ ಹಿಡಿದಿದ್ದೆ.

ಗೋಡೆಯ ಮರೆಯಲ್ಲಿ ಕುಳಿತು ಚಪಾತಿ ಸುರುಳಿ ತಿಂದೆವು. ಗಂಡ ಒಬ್ಬನೇ ಎದ್ದು ಎಂಬಲ್ಟನ್ ಕೊಲ್ಲಿಯ ಕಡೆ ಇಳಿದು ನೋಡಿಬಂದ. ಆ ಬದಿಯ ದಾರಿ ಗಾಲ್ಫ್ ಮೈದಾನದ ಅಂಚಿನಲ್ಲಿ ಹೋಗುತ್ತದೆ, ಅಲೆಗಳ ಬಳಿ ದುಂಡಗಿನ ಕಪ್ಪು ಕಲ್ಲುಗಳ ರಾಶಿ, ಪಾದ ಹೊರಳುವುದು ಖಂಡಿತ ಎಂದು ಒಪ್ಪಿಕೊಂಡ.

ಹಿಂದಿರುಗುವಾಗ ಗಾಳಿ ಎದುರಿಗೆ ಬೀಸುತ್ತಿತ್ತು. ಮಾವ ಎರಡು ಕಡೆ ಕುಳಿತರೂ ಕ್ರಾಸ್ಟರ್ ತನಕ ತಮ್ಮ ಕಾಲಿನಲ್ಲೇ ಬಂದರು. ಕಾರಿನಲ್ಲಿ ಕುಳಿತು ಮಂಡಿಗೆ ಎಣ್ಣೆ ಸವರಿಕೊಳ್ಳುತ್ತ, ಇದೇ ಕರಾವಳಿಯಲ್ಲಿ ಉತ್ತರಕ್ಕಿರುವ ಬಾಂಬರೋ ಕೋಟೆಯ ಬಗ್ಗೆ ವಿಚಾರಿಸಿದರು. ಅದಕ್ಕೆ ರಸ್ತೆಯಿದೆ, ಹತ್ತಿರದಲ್ಲೇ ಗಾಡಿ ನಿಲ್ಲಿಸಬಹುದು ಎಂದೆ.

"ಹಾಗಾದರೆ ಅದು ಮಳೆ ಬರುವ ದಿನಕ್ಕಿರಲಿ" ಎಂದರು.