ಹೋಲ್ಗಾದ ದಪ್ಪ ರೋಲ್‌ಗೆ ಮದ್ದು ಸಿಕ್ಕಿತು

ಕೊನೆಗೂ ಗೆದ್ದೆ! ಬಚ್ಚಲುಮನೆಯಲ್ಲಿ ಒಣಗುತ್ತಿರುವ ನೆಗೆಟಿವ್‌ನ ಅಂಚಿನಲ್ಲಿ ಮಸಿ ಇಲ್ಲ. ಹೋಲ್ಗಾ ಅನ್ನುವ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡವರಿಗೆ ಆ ಮಸಿಯ ಪರಿಚಯ ಇದ್ದೇ ಇರುತ್ತದೆ. ಬೇಡದ ಬೆಳಕು ಬಿದ್ದು ಬದಿಯಿಂದ ಒಳಗೆ ನುಗ್ಗುವ ಕಪ್ಪು ಅಲೆ, ಸ್ಕ್ಯಾನ್ ಮಾಡಿದರೆ ಬೆಳ್ಳಗೆ.

"ಅದೇ ಅಲ್ವಾ ಹೋಲ್ಗಾದ ಚೆಂದ" ಅನ್ನಬೇಡಿ. ಪ್ಲಾಸ್ಟಿಕ್ ಲೆನ್ಸು ಮೂಲೆಗಳನ್ನು ಎಷ್ಟು ಬೇಕಾದರೂ ಮಸುಕು ಮಾಡಲಿ, ಅದಕ್ಕೇ ತಾನೆ ತಗೊಂಡಿದ್ದು. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕಟ್ಟುವ ಅಜ್ಜಿಯ ಕೆನ್ನೆ ಮೇಲೇ ಬಿಳಿ ಪಟ್ಟೆ ಬಂದರೆ ಯಾರಿಗೆ ಬೇಕು? ಇದಕ್ಕೆ ಹಾಕುವ 120 ಅನ್ನುವ ಅಗಲದ ಫಿಲ್ಮ್ ರೋಲ್‌ನ ಬೆಲೆ ನೋಡಿದ್ದೀರಲ್ಲ, ಬರುವುದೇ 12 ಚಿತ್ರ.

ಎಲ್ಲರ ಸಲಹೆ ಒಂದೇ, ಬಾಡಿಯ ಸಂದಿಗೆ ಟೇಪ್ ಸುತ್ತು. ಬಟ್ಟೆಯ ಕಪ್ಪು ಟೇಪ್ ತರಿಸಿದರೆ ಬಂದದ್ದು ವೈರ್‌ಗೆ ಸುತ್ತುವ ಟೇಪ್, ಬಿಸಿಲಿಗೆ ಅಂಟು ಕರಗಿ ಬೆರಳಿಗೆಲ್ಲ ಮೆತ್ತಿತು. ವಾಪಸ್ ತಗೊಳ್ಳಿ ಅಂದರೆ "ಕಪ್ಪಗೇ ಇದೆಯಲ್ಲ ಸಾರ್" ಅಂತೆ! ಅದರಿಂದ ಆದ ಒಂದೇ ಲಾಭ, ಎಷ್ಟನೇ ಚಿತ್ರ ಅಂತ ನಂಬರ್ ನೋಡುವ ಕೆಂಪು ಕಿಟಕಿಯನ್ನು ಮುಚ್ಚಿದ್ದಕ್ಕೆ ಅದರಿಂದ ಬರುತ್ತಿದ್ದ ಕಲೆ ಹೋಯಿತು. ಹಳೇ ಆರ್ಥೋ ಫಿಲ್ಮ್‌ಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಆ ಕಿಟಕಿ ಆಗ ಸರಿ. ಈಗಿನ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಎಲ್ಲಾ ಕಾಣುತ್ತದೆ.

ಅಂಚಿನ ಮಸಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಳೆಯ ನೆಗೆಟಿವ್‌ಗಳನ್ನೆಲ್ಲ ಕಿಟಕಿಗೆ ಹಿಡಿದು ಸಾಲಾಗಿ ನೋಡಿದೆ. ಬಾಡಿಯ ಸಂದಿಯಿಂದ ಬೆಳಕು ನುಗ್ಗಿದ್ದರೆ ಕಲೆ ಪ್ರತಿ ಚಿತ್ರದಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರಬೇಕು. ಇಲ್ಲಿ ಮೊದಲ ಚಿತ್ರಗಳಲ್ಲಿ ಕಡಿಮೆ, 10ರಿಂದ 12ರವರೆಗೆ ಜಾಸ್ತಿ. ಕೊನೆಯ ಚಿತ್ರಗಳು ತಾನೆ ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲ್‌ನ ಹೊರಸುತ್ತಿನಲ್ಲಿ ಇರುವುದು? ಅಂದರೆ ಬೆಳಕು ಬಿದ್ದದ್ದು ರೋಲ್ ಹೊರಗೆ ತೆಗೆದಾಗ! ಹೋಲ್ಗಾದಲ್ಲಿ ಹೊಸ ರೋಲ್‌ನ ಕಡೆ ಹಿಡಿತವೇ ಇಲ್ಲ (1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಗ್ಗದ ಕ್ಯಾಮೆರಾ ಅಂತಲೇ ಹುಟ್ಟಿದ್ದು, ಗಟ್ಟಿ ಸ್ಪ್ರಿಂಗ್ ಎಲ್ಲಿಂದ ಬರಬೇಕು), ಹಾಗಾಗಿ ಫಿಲ್ಮು, ಅದರ ಬೆನ್ನಿಗಿರುವ ಕಾಗದ ಎರಡೂ ಅವಸರಕ್ಕೆ ಸುತ್ತಿಟ್ಟ ಜಮಖಾನೆಯ ಹಾಗೆ ಉಬ್ಬಿಕೊಂಡು, ಕಾಗದದ ಅಂಚಿಗೂ ಸ್ಪೂಲ್‌ನ ತಟ್ಟೆಗೂ ನಡುವೆ ಬೆಳಕು ಇಳಿಯುತ್ತದೆ.

ಮೊದಲು ಸ್ಪಂಜ್ ಇಟ್ಟೆ. ಪುಡಿ ಉದುರಿ ಆಕಾಶದ ತುಂಬಾ ಚುಕ್ಕಿ. ಆಮೇಲೆ ಫಿಲ್ಮ್ ಬಂದ ಡಬ್ಬಿಯ ರಟ್ಟನ್ನೇ ಕತ್ತರಿಸಿ, ಮಡಚಿ, ಹೊಸ ರೋಲ್‌ನ ಕೆಳಗೆ ಸಿಕ್ಕಿಸಿದೆ. ಮೂರು ಮಡಿಕೆಗೆ ನಾಬ್ ತಿರುಗಲೇ ಇಲ್ಲ, ಕಾಗದದ ಅಂಚು ಹರಿಯಿತು. ಎರಡು ಮಡಿಕೆಗೆ ಸರಿಹೋಯಿತು, ತಿರುಗಿಸುವಾಗ ಬೆರಳಿಗೆ ಸ್ವಲ್ಪ ಬಿಗಿ ಗೊತ್ತಾಗಬೇಕು, ಅಷ್ಟೇ. ಹೊರಗೆ ಬಂದ ರೋಲ್ ಬೆಣೆಯಷ್ಟು ಗಟ್ಟಿ. ಹಿಂಬದಿಯ ಮುಚ್ಚಳ ಉದುರದಂತೆ ಟೇಪ್ ಮಾತ್ರ ಈಗಲೂ ಬೇಕು, ಆ ಕ್ಲಿಪ್‌ಗಳನ್ನು ನಂಬಿ ಬಸ್ ಹತ್ತಬೇಡಿ.

ಅಂದಹಾಗೆ, ಅತ್ತೆಮನೆ ಅಟ್ಟದಲ್ಲಿ ಅಗ್ಫಾ ಕ್ಲಿಕ್ 3 ಸಿಕ್ಕಿದೆ! ಇದಕ್ಕೂ 120 ಫಿಲ್ಮೇ, ಇದರಲ್ಲೂ 12 ಚೌಕ ಚಿತ್ರ. ಶಟರ್ ಟಕ್ ಅನ್ನುತ್ತಿದೆ, ಲೆನ್ಸ್ ಒಳಗೆ ಬೂಷ್ಟು. ಮುಂದಿನ ಭಾನುವಾರ ಬಿಚ್ಚುತ್ತೇನೆ. ಮುಂಭಾಗದ ರಿಂಗ್ ತೆಗೆಯುವ ಉಪಾಯ ಗೊತ್ತಿದ್ದವರು ಅಷ್ಟರೊಳಗೆ ಹೇಳಿ, ಇಲ್ಲದಿದ್ದರೆ ಇಕ್ಕಳ ಹಿಡಿಯುತ್ತೇನೆ.