ಖಾಸಗಿ ಇಂಟರ್‌ನೆಟ್ ಇರುವಾಗ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಜಾಲವೇಕೆ?

ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಜಾಲದ ಹೊಣೆ ಹೊತ್ತಿರುವ ನನಗೆ ಸಹೋದ್ಯೋಗಿಗಳು, ಪಾಲಕರು, ಕೆಲವೊಮ್ಮೆ ಆಡಳಿತ ಮಂಡಳಿಯವರೂ ಪದೇ ಪದೇ ಕೇಳುವ ಪ್ರಶ್ನೆ ಇದು: ಜಿಯೋ, ಏರ್‌ಟೆಲ್‌ನಂಥ ಕಂಪನಿಗಳು ಓಣಿ ಓಣಿಗೂ ಫೈಬರ್ ಎಳೆದಿರುವ ಈ ಕಾಲದಲ್ಲಿ, ವಿಶ್ವವಿದ್ಯಾಲಯಗಳಿಗೆಂದೇ ಅತಿವೇಗದ ಪ್ರತ್ಯೇಕ ಜಾಲವನ್ನು ಸರ್ಕಾರ ತನ್ನ ದುಡ್ಡಿನಲ್ಲಿ ಏಕೆ ನಡೆಸಬೇಕು? ಅದರ ಬೆನ್ನಿಗೇ ಎರಡನೆಯ ಮಾತೂ ಬರುತ್ತದೆ. ಶಾಲೆಗಳ ಚಾವಣಿ ಸೋರುತ್ತಿರುವ ನಮ್ಮ ಭಾಗಕ್ಕೆ ಇದು ಬೇಕೇ?

ಬೇಕು ಎಂಬುದು ನನ್ನ ಉತ್ತರ. ಆದರೆ ಆ ಹಣ ಕ್ಯಾಂಪಸ್ಸಿನ ಗೇಟಿಗೆ ಬಂದು ನಿಂತುಬಿಟ್ಟರೆ ಅರ್ಧ ವ್ಯರ್ಥವಾದಂತೆ ಎಂಬ ಮಾತನ್ನೂ ನಾನು ಅದಕ್ಕೆ ಸೇರಿಸುತ್ತೇನೆ.

ಭಾರತದಲ್ಲಿ ಇಂಟರ್‌ನೆಟ್ ಮೊದಲು ಬಂದದ್ದೇ ಸಾರ್ವಜನಿಕ ಹಣದಿಂದ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಆರಂಭಿಸಿದ ಅರ್ನೆಟ್ ಯೋಜನೆ ಐದು ಐಐಟಿಗಳನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಬೆಸೆಯಿತು. ವಿದೇಶ ಸಂಚಾರ ನಿಗಮವು ಸಾಮಾನ್ಯ ಜನರಿಗೆ ಸಂಪರ್ಕ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಇಂದು ನಾವು ಮಾತನಾಡುತ್ತಿರುವ ರಾಷ್ಟ್ರೀಯ ಜ್ಞಾನ ಜಾಲ, ಅಂದರೆ ಎನ್‌ಕೆಎನ್, ಅದರ ಮುಂದಿನ ಘಟ್ಟ. ಸ್ಯಾಮ್ ಪಿತ್ರೋಡಾ ಅಧ್ಯಕ್ಷತೆಯ ಜ್ಞಾನ ಆಯೋಗದ ಶಿಫಾರಸಿನ ಮೇಲೆ ರೂಪುಗೊಂಡ ಈ ಜಾಲಕ್ಕೆ ಕೇಂದ್ರ ಸಂಪುಟವು 2010ರ ಮಾರ್ಚ್‌ನಲ್ಲಿ ಹತ್ತು ವರ್ಷಗಳ ಅವಧಿಗೆ 5,990 ಕೋಟಿ ರೂಪಾಯಿ ಮಂಜೂರು ಮಾಡಿ, ಅನುಷ್ಠಾನವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರಕ್ಕೆ ವಹಿಸಿತು.

ಮನೆಯ ಸಂಪರ್ಕಕ್ಕೂ ಸಂಶೋಧನೆಯ ಜಾಲಕ್ಕೂ ಇರುವ ವ್ಯತ್ಯಾಸ ಬರೀ ವೇಗದ್ದಲ್ಲ. ಖಾಸಗಿ ಕಂಪನಿಯು ಸಾವಿರಾರು ಗ್ರಾಹಕರು ಒಂದೇ ಗಳಿಗೆಯಲ್ಲಿ ಪೂರ್ತಿ ವೇಗ ಬಳಸುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಒಂದೇ ಸಾಮರ್ಥ್ಯವನ್ನು ಹಲವರಿಗೆ ಹಂಚಿ ಮಾರುತ್ತದೆ, ಮತ್ತು ವಿಡಿಯೊ ನೋಡುವವರಿಗೆ ಅದರಿಂದ ತೊಂದರೆಯೂ ಆಗುವುದಿಲ್ಲ, ಏಕೆಂದರೆ ಮುಂದಿನ ಕೆಲವು ಸೆಕೆಂಡುಗಳ ದೃಶ್ಯ ಮೊದಲೇ ಬಂದು ಕೂತಿರುತ್ತದೆ. ಪ್ರಯೋಗಾಲಯದ ಅಗತ್ಯ ಬೇರೆಯದು: ಒಂದೇ ದೊಡ್ಡ ಕಡತ, ದೂರದ ಊರಿಗೆ, ಗಂಟೆಗಟ್ಟಲೆ, ಎಡೆಬಿಡದೆ ಸಾಗಬೇಕು. ಕಡತವನ್ನು ಒಡೆದು ಕಳುಹಿಸುವ ತುಣುಕುಗಳಲ್ಲಿ, ಅಂದರೆ ಪ್ಯಾಕೆಟ್‌ಗಳಲ್ಲಿ, ಸಾವಿರಕ್ಕೊಂದು ದಾರಿಯಲ್ಲಿ ಕಳೆದುಹೋದರೂ ಸಾಕು, ಇಂಟರ್‌ನೆಟ್ಟಿನಲ್ಲಿ ದತ್ತಾಂಶ ಸಾಗಿಸುವ ಟಿಸಿಪಿ ನಿಯಮದಂತೆ ಕಳುಹಿಸುವ ಯಂತ್ರ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ದೂರ ಹೆಚ್ಚಿದಷ್ಟೂ ಅದು ಚೇತರಿಸಿಕೊಳ್ಳುವುದು ನಿಧಾನ. ಆದ್ದರಿಂದ ದಟ್ಟಣೆಯಾಗಿ ಪ್ಯಾಕೆಟ್ ಕಳೆಯದಂತೆ ಸಂಶೋಧನಾ ಜಾಲದಲ್ಲಿ ಸಾಮರ್ಥ್ಯದ ಬಹುಪಾಲನ್ನು ಖಾಲಿ ಬಿಟ್ಟುಕೊಂಡೇ ನಡೆಸಬೇಕಾಗುತ್ತದೆ. ಲಾಭ ನೋಡುವ ಕಂಪನಿಗೆ ಅದು ಕಟ್ಟುವ ಲೆಕ್ಕವಲ್ಲ.

ನಮ್ಮ ನೆಲದ ಬೆಳೆಯನ್ನೇ ತೆಗೆದುಕೊಳ್ಳೋಣ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಯನ್ನು ನೆಟೆ ರೋಗ ಹೇಗೆ ಹೊಲಕ್ಕೆ ಹೊಲವನ್ನೇ ಒಣಗಿಸುತ್ತದೆಂಬುದನ್ನು ಇಲ್ಲಿನ ರೈತರಿಗೆ ಹೇಳಬೇಕಿಲ್ಲ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ತೊಗರಿಯ ಜಿನೋಮ್, ಅಂದರೆ ಅದರ ಪೂರ್ಣ ವಂಶವಾಹಿ ಪಠ್ಯ, 2011ರಲ್ಲಿ ಪ್ರಕಟವಾಯಿತು. ಅದರ ಅಂದಾಜು ಗಾತ್ರ 83 ಕೋಟಿ ಅಕ್ಷರಗಳು. ರೋಗ ತಡೆದುಕೊಳ್ಳುವ ತಳಿಯಲ್ಲಿ ಯಾವ ವಂಶವಾಹಿ ಕೆಲಸ ಮಾಡುತ್ತಿದೆ ಎಂದು ಹುಡುಕಬೇಕಾದರೆ ಪ್ರತಿ ತಳಿಯ ಜಿನೋಮನ್ನೂ ಹತ್ತಾರು ಪಟ್ಟು ಮತ್ತೆ ಮತ್ತೆ ಓದಬೇಕು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೀಗೆ 292 ತಳಿಗಳನ್ನು ಓದಲಾಗಿತ್ತು. ಅಂಥ ದತ್ತಾಂಶ ಟೆರಾಬೈಟುಗಳ ಲೆಕ್ಕದಲ್ಲಿರುತ್ತದೆ. ಒಂದು ಟೆರಾಬೈಟನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ, ಎಲ್ಲಿಯೂ ತಡೆಯಿಲ್ಲದೆ ಕಳುಹಿಸಿದರೂ 22 ಗಂಟೆ ಹಿಡಿಯುತ್ತದೆ. ಒಂದು ಗಿಗಾಬಿಟ್ ವೇಗದಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು, ಹತ್ತು ಗಿಗಾಬಿಟ್ ವೇಗದಲ್ಲಿ ಕಾಲು ಗಂಟೆಯೂ ಬೇಡ. ಆರಂಭದಲ್ಲಿ ಪದವಿ ಕಾಲೇಜುಗಳಿಗೆ ಸಿಕ್ಕ 512 ಕಿಲೋಬಿಟ್ ಸಂಪರ್ಕದಲ್ಲಾದರೆ ಇದೇ ಕೆಲಸಕ್ಕೆ ಆರು ತಿಂಗಳು. ಹಾರ್ಡ್ ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಹೈದರಾಬಾದಿನ ಬಸ್ಸು ಹತ್ತುವುದು ನಮ್ಮ ಸಂಶೋಧಕರಿಗೆ ಇವತ್ತಿಗೂ ಸುಲಭವೆನಿಸುವುದು ಇದಕ್ಕೇ.

ದೂರದ ಪ್ರಶ್ನೆಯೂ ಇಲ್ಲಿದೆ, ಮತ್ತು ಕಲ್ಯಾಣ ಕರ್ನಾಟಕದವನಾಗಿ ನನಗೆ ಮುಖ್ಯವಾಗಿ ಕಾಣುವುದು ಅದೇ. ಮಾರುಕಟ್ಟೆಯು ಗ್ರಾಹಕರು ದಟ್ಟವಾಗಿರುವ ಕಡೆ ಅಗ್ಗವಾಗಿಯೂ ವಿರಳವಾಗಿರುವ ಕಡೆ ದುಬಾರಿಯಾಗಿಯೂ ಮಾರುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿನ ಸಂಸ್ಥೆಗೆ ಸಿಗುವಷ್ಟೇ ಸಾಮರ್ಥ್ಯ ಸಿಗಬೇಕಾದರೆ, ದೂರದ ಖರ್ಚನ್ನು ಯಾರಾದರೂ ಭರಿಸಲೇಬೇಕು. ಅದನ್ನು ಆ ಸಂಸ್ಥೆಗಳ ತಲೆಗೇ ಕಟ್ಟಿದರೆ, ಹಿಂದುಳಿದವರು ಹಿಂದುಳಿದದ್ದಕ್ಕೇ ದಂಡ ತೆತ್ತಂತಾಗುತ್ತದೆ. ಬೀದರಿಗೆ ಅಂಟಿಕೊಂಡ ನಾಂದೇಡದ ಆಚೆಗೆ, ಹಿಂಗೋಲಿ ಜಿಲ್ಲೆಯಲ್ಲಿ, ಗುರುತ್ವ ಅಲೆಗಳನ್ನು ಗುರುತಿಸುವ ಲೈಗೊ-ಇಂಡಿಯಾ ವೀಕ್ಷಣಾಲಯಕ್ಕೆ 2023ರಲ್ಲಿ ಸುಮಾರು 2,600 ಕೋಟಿ ರೂಪಾಯಿಯ ಅನುಮೋದನೆ ದೊರೆತಿದೆ. ಅದರ ದತ್ತಾಂಶದ ಮೇಲೆ ಕಲಬುರಗಿಯ ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬಳು ಕೆಲಸ ಮಾಡುವಂತಾಗಬೇಕೆಂದು ಬಯಸುವುದು ದೊಡ್ಡ ಆಸೆಯೇನಲ್ಲ.

ಇನ್ನು ಗೇಟಿನ ಒಳಗಿನ ಮಾತು. ಒಂದು ಗಿಗಾಬಿಟ್ ಸಂಪರ್ಕ ಬಂದಿದೆಯೆಂದು ಫಲಕ ಹಾಕಿದ ಕ್ಯಾಂಪಸ್ಸಿನಲ್ಲಿ ಪ್ರಯೋಗಾಲಯದವರೆಗೆ ತಂತಿಯ ಗುಂಟ ನಡೆದು ನೋಡಬೇಕು. ಮುಖ್ಯ ಕಟ್ಟಡದ ರೂಟರಿನಿಂದ ಹೊರಟ ಫೈಬರ್ ಹಿಂದಿನ ಬ್ಲಾಕಿನ ಮೆಟ್ಟಿಲ ಕೆಳಗಿನ ಡಬ್ಬಿಯೊಂದನ್ನು ಸೇರುತ್ತದೆ. ಅಲ್ಲಿರುವುದು ಕಂಪ್ಯೂಟರುಗಳಿಗೆ ಸಂಪರ್ಕ ಹಂಚುವ 100 ಮೆಗಾಬಿಟ್‌ನ ಹಳೆಯ ಸ್ವಿಚ್, ಅದರ ಫ್ಯಾನಿಗೆ ದೂಳು ಹಿಡಿದಿದೆ, ಪಕ್ಕದ ಯುಪಿಎಸ್ ಬ್ಯಾಟರಿ ಉಬ್ಬಿ ಕೆಟ್ಟು ಎಷ್ಟೋ ದಿನವಾಗಿದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಮಧ್ಯಾಹ್ನ ಆ ಸ್ವಿಚ್ ಸ್ತಬ್ಧವಾಗುತ್ತದೆ, ಯಾರೋ ಹೋಗಿ ಆಫ್ ಮಾಡಿ ಆನ್ ಮಾಡುತ್ತಾರೆ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರು ತುಂಬಿ ಹರಿದರೂ ಹೊಲಗಾಲುವೆ ತೋಡದ ರೈತನ ಪೈರು ಒಣಗುತ್ತದಲ್ಲ, ಹಾಗೆಯೇ ಇದು. ಇದನ್ನು ಕಂಡವರು ‘ಸರ್ಕಾರಿ ಜಾಲ ಅಂದರೆ ಇಷ್ಟೇ’ ಎನ್ನುತ್ತಾರೆ. ದೋಷ ಜಾಲದ್ದಲ್ಲ, ಕಡೆಯ ಮುನ್ನೂರು ಮೀಟರಿಗೆ ಹಣವನ್ನೂ ಆಳನ್ನೂ ಇಡದ ಯೋಜನೆಯದು.

ಶಾಲೆಯ ಚಾವಣಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಿದ್ದರೆ ನಾನೂ ಚಾವಣಿಯನ್ನೇ ಆರಿಸುತ್ತಿದ್ದೆ. ಆದರೆ ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು: ಇಡೀ ದೇಶದ ಜಾಲಕ್ಕೆ ಹತ್ತು ವರ್ಷಕ್ಕೆ 5,990 ಕೋಟಿ, ನಮ್ಮ ಏಳು ಜಿಲ್ಲೆಗಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ರಾಜ್ಯ ಬಜೆಟ್ ಘೋಷಿಸಿದ್ದು ಒಂದೇ ವರ್ಷಕ್ಕೆ 5,000 ಕೋಟಿ. ಚಾವಣಿ ಸೋರುತ್ತಿರುವುದು ಜಾಲ ಆ ಹಣವನ್ನು ನುಂಗಿದ್ದರಿಂದಲ್ಲ. ಅಲ್ಲದೆ 2024ರ ನವೆಂಬರ್‌ನಲ್ಲಿ ಕೇಂದ್ರವು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಜಾಲ ಗಟ್ಟಿಯಿಲ್ಲದ ಕಾಲೇಜಿಗೆ ಅದೂ ಕಾಗದದ ಮೇಲಿನ ಸೌಲಭ್ಯವೇ.

ಹೀಗಾಗಿ ನಮ್ಮ ಜನಪ್ರತಿನಿಧಿಗಳ ಮುಂದೆ ನಾನು ಇಡುವ ಬೇಡಿಕೆ ಹೊಸ ಕಟ್ಟಡದ್ದಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲದಿಂದ ಬರುವ ಅನುದಾನದಲ್ಲಿ ಪ್ರತಿ ಕ್ಯಾಂಪಸ್ಸಿನ ಸ್ವಿಚ್, ಬ್ಯಾಟರಿ ಮತ್ತು ಒಳಗಿನ ಫೈಬರಿಗೆಂದು ವರ್ಷವರ್ಷವೂ ನಿರ್ವಹಣಾ ಹಣ ಮೀಸಲಾಗಲಿ, ಅದನ್ನು ನೋಡಿಕೊಳ್ಳುವ ಕಾಯಂ ತಂತ್ರಜ್ಞನೊಬ್ಬನ ಹುದ್ದೆ ಮಂಜೂರಾಗಲಿ. ರಸ್ತೆ ಅಗಲೀಕರಣದ ಜೆಸಿಬಿಯೊಂದು ಕೇಬಲ್ ಕತ್ತರಿಸಿದರೆ ಇಡೀ ವಿಶ್ವವಿದ್ಯಾಲಯ ಕತ್ತಲಾಗದಂತೆ ಎರಡನೆಯ ದಾರಿಯೂ ಇರಲಿ: ಒಂದು ಹುಮನಾಬಾದ್ ಮಾರ್ಗವಾಗಿ ಬೀದರಿನ ಕಡೆಯಿಂದ, ಇನ್ನೊಂದು ವಾಡಿ, ಯಾದಗಿರಿ ರೈಲುಹಳಿಯ ಗುಂಟ.