ಮಾವನ ಮಕ್ಕಳೆಲ್ಲ

“ಯಾವ ಮಾವನ ಮಕ್ಕಳೋ ಅವು?”

ಒಳಗಿನಿಂದ ಅಜ್ಜಿಯ ದನಿ ಬಂದದ್ದೇ ತಡ, ಅಂಗಳದಲ್ಲಿ ಹಾಡು ನಿಂತಿತು. ಬಲಿಪಾಡ್ಯಮಿಯ ರಾತ್ರಿ, ಹನ್ನೊಂದು ದಾಟಿತ್ತು. ಅಂಟಿಗೆ ಪಂಟಿಗೆಯ ಏಳು ಜನ ಹುಡುಗರು, ಹೆಗಲ ಮೇಲೆ ಕಂಬಳಿ, ನಡುವೆ ಒಬ್ಬನ ಕೈಯಲ್ಲಿ ದೀಪ. ಗಾಳಿಗೆ ಆರದಂತೆ ಅವನು ಅಂಗೈ ಅಡ್ಡ ಹಿಡಿದಿದ್ದ. ಬೆರಳ ಸಂದುಗಳು ಕೆಂಪಗೆ ಕಾಣುತ್ತಿದ್ದವು. ಹಾಡು ಎತ್ತುವ ಹುಡುಗನ ಕೈಯಲ್ಲಿ ಮೊಬೈಲ್. ಅದರಲ್ಲಿ ನಾನೇ ಹಿಂದೊಮ್ಮೆ ಟೈಪ್ ಮಾಡಿಸಿ ಊರಿಗೆ ಕೊಟ್ಟಿದ್ದ ಹಾಳೆಯ ಫೋಟೋ.

ಆ ಹಾಳೆಯನ್ನು ಕಂಡು ಸಂಜೆಯಿಂದ ನಾನು ಒಳಗೊಳಗೇ ಬೀಗುತ್ತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಚು ಹರಿದು, ಮಡಿಕೆಯಲ್ಲಿ ಅಕ್ಷರ ಅಳಿಸಿದ್ದ ಹಾಳೆಯನ್ನು ಯಾರೋ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹಾಡು ಗೊತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋಗಿ, ನಡುವೆ ನಾಲ್ಕೈದು ವರ್ಷ ಆ ಊರಿನಲ್ಲಿ ದೀಪ ಹೊರಟಿರಲೇ ಇಲ್ಲ. ಈಗ ಹುಡುಗರು ನನ್ನ ಹಾಳೆ ಹಿಡಿದು ಮತ್ತೆ ಶುರು ಮಾಡಿದ್ದಾರೆ ಎಂದು ಕೇಳಿ, ಸಾಗರದಿಂದ ಬೈಕಿನಲ್ಲಿ ಬಂದಿದ್ದೆ. ಜಾನಪದ ಉಳಿಸಿದವನು ಎಂಬ ಹೆಮ್ಮೆ ಒಂದಿಷ್ಟಾದರೂ ಇಲ್ಲದಿದ್ದರೆ ಆ ಚಳಿಯಲ್ಲಿ ಯಾರು ಬರುತ್ತಾರೆ?

ಮಲೆನಾಡಿನ ಹೊರಗಿನವರಿಗೆ ಎರಡು ಮಾತು ಹೇಳಬೇಕು. ದೀಪಾವಳಿಯಲ್ಲಿ ಊರಿನ ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಹೊತ್ತು ಗಂಡಸರು ರಾತ್ರಿಯಿಡೀ ಮನೆಮನೆಗೆ ಹೋಗಿ ಬಲೀಂದ್ರನ ಪದ ಹಾಡುತ್ತಾರೆ. ಇದೇ ಅಂಟಿಗೆ ಪಂಟಿಗೆ. ಬಾಗಿಲು ತೆಗೆಸಲು ಒಂದು ಪದ, ದೀಪಕ್ಕೆ ಎಣ್ಣೆ ಎರೆಸಲು ಇನ್ನೊಂದು. ಮನೆಯಾಕೆ ದೀಪವನ್ನು ಒಳಗೆ ಬರಮಾಡಿಕೊಂಡು, ತನ್ನ ಮನೆಯ ದೀಪವನ್ನು ಅದರಿಂದ ಹಚ್ಚಿಕೊಂಡು, ಎಣ್ಣೆ ಎರೆದು ಹಿಂದಿರುಗಿಸುತ್ತಾಳೆ. ಜೊತೆಗೆ ಅಕ್ಕಿ, ಕಾಯಿ, ಕಾಸು. ದೀಪ ನಡುದಾರಿಯಲ್ಲಿ ಆರಬಾರದು. ಹೇಳಿದರೆ ಇಷ್ಟೇ, ಅಂಗಳದಲ್ಲಿ ನಿಂತು ಕೇಳಿದರೆ ಬೇರೆ.

ಈ ಊರು ಶಿವಮೊಗ್ಗದ ಕಡೆಯ ಕಾಡಂಚಿನಲ್ಲಿದೆ. ಆದರೆ ಹಾಡು ಇಲ್ಲಿಯದಲ್ಲ. ಶರಾವತಿ ಕಣಿವೆಯಲ್ಲಿ 1948ರಲ್ಲಿ ಮಡೆನೂರು ಅಣೆಕಟ್ಟು ಎದ್ದಾಗ ಒಂದಷ್ಟು ಜನ, 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಉಳಿದವರು ಮನೆಯ ತೊಲೆ, ಜಂತಿ, ದನಕರುಗಳೊಂದಿಗೆ ಹೊರಟು ಬಂದರು. ಇಲ್ಲಿಯವರು ಎರಡನೆಯ ಸಲದವರು. ಮೊದಲಿನ ಅಣೆಕಟ್ಟೇ ಎರಡನೆಯದರ ನೀರಿನಲ್ಲಿ ಮುಳುಗಿದೆ. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ತಲೆಯೆತ್ತುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಮುಳುಗಿದ ಗದ್ದೆಗಳನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಅಲ್ಲಿ ನೋಡಲು ಏನೂ ಇಲ್ಲ, ಕೆಸರು.

ನಾನು ಮೊದಲ ಸಲ ಬಂದದ್ದು 2010ರ ಬೇಸಿಗೆ ರಜೆಯಲ್ಲಿ. ಪ್ರೌಢಶಾಲೆಯ ಕನ್ನಡ ಮೇಷ್ಟ್ರು ನಾನು. ರಜೆ ಸಿಗುವುದು ಬೇಸಿಗೆಯಲ್ಲಿ, ಹಾಡಿಗೆ ಹೊತ್ತು ಬರುವುದು ಕಾರ್ತಿಕದ ಹೊಸ್ತಿಲಲ್ಲಿ. ಮುಖ್ಯ ಹಾಡುಗಾರರಾಗಿದ್ದ ಹಿರಿಯರು ಎಪ್ಪತ್ತರ ಆಸುಪಾಸಿನವರು. “ದೀಪವಿಲ್ಲದೆ ಬಲೀಂದ್ರನನ್ನು ಕರೆಯುವುದು ಹೇಗೆ ಮೇಷ್ಟ್ರೇ? ಬಂದರೆ ಏನು ಕೊಟ್ಟು ಕಳಿಸುತ್ತೀರಿ?” ಎಂದು ಎರಡು ದಿನ ಸತಾಯಿಸಿದರು. ಮೂರನೆಯ ದಿನ ತಾವೇ ದಾರಿ ಹುಡುಕಿದರು. ನಡುಮಧ್ಯಾಹ್ನ ಜಗಲಿಯಲ್ಲಿ ಒಂದು ಹಣತೆ ಹಚ್ಚಿಸಿ, ಬಲೀಂದ್ರನಿಗೆ “ಇದು ಮೇಷ್ಟ್ರ ಕೆಲಸಕ್ಕೆ, ತಪ್ಪು ಎಣಿಸಬೇಡ” ಎಂದು ಕೈಮುಗಿದು, ನನ್ನ ಅಂಗೈಯಗಲದ ರೆಕಾರ್ಡರ್ ಕಡೆ ಅನುಮಾನದಿಂದ ನೋಡುತ್ತ ಹಾಡಿದರು. ಜೊತೆಗೆ ದನಿ ಕೂಡಿಸುವವರಿಲ್ಲದೆ ಸೊಲ್ಲು ಸೊಲ್ಲಿಗೂ ಉಸಿರು ಕಟ್ಟುತ್ತಿತ್ತು. ನಡುನಡುವೆ ಕೋಳಿ.

ಬರೆದುಕೊಂಡದ್ದನ್ನು ಓದಿ ಹೇಳಿದೆ. “ಹೂಂ, ಹಾಗೆಯೇ, ಹಾಗೆಯೇ” ಎಂದರು. ಮನೆಗೆ ಬಂದ ಮೇಷ್ಟ್ರ ಓದನ್ನು ತಪ್ಪು ಎನ್ನುವ ಜಾಯಮಾನ ಅವರದಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವರಿಗೆ ಕಿವಿ ಸ್ವಲ್ಪ ಮಂದ ಎಂಬುದೂ ಗೊತ್ತಾದದ್ದು ಆಮೇಲೆ. ಎರಡು ವರ್ಷಕ್ಕೆ ಅವರು ತೀರಿಕೊಂಡರು.

ಎಣ್ಣೆ ಎರೆಸುವ ಪದದಲ್ಲಿ ನಾನು ಟೈಪ್ ಮಾಡಿಸಿದ್ದು ಹೀಗೆ: “ಮಾವನ ಮಕ್ಕಳೆಲ್ಲ ಎಣ್ಣೆಯ ಎರೆಯಿರಿ.” ಎಷ್ಟು ಚೆನ್ನಾಗಿದೆ! ದೀಪಾವಳಿಗೆ ಮಗಳು ಅಳಿಯ ಬಂದಿರುತ್ತಾರೆ, ಮಾವನ ಮನೆ ತುಂಬಿರುತ್ತದೆ, ಮಕ್ಕಳೆಲ್ಲ ಸಾಲಾಗಿ ಬಂದು ಎಣ್ಣೆ ಎರೆಯುತ್ತಾರೆ. ಒಂದು ಭಾಷಣದಲ್ಲಿ ಈ ಸಾಲನ್ನು ಹೇಳಿ, ನಮ್ಮ ಕೂಡುಕುಟುಂಬದ ಸೊಬಗು ಎಂದು ಹತ್ತು ನಿಮಿಷ ಎಳೆದು ಚಪ್ಪಾಳೆ ಗಿಟ್ಟಿಸಿದ್ದೂ ಉಂಟು.

ಈಗ ಅಜ್ಜಿ ಬಾಗಿಲಿಗೆ ಬಂದರು. ಎಂಬತ್ತರ ಹತ್ತಿರದವರು, ಬೆನ್ನು ಬಾಗಿದೆ, ಕೈಯಲ್ಲಿ ಎಣ್ಣೆಯ ಗಿಂಡಿ. ಅವರ ತಲೆಯ ಪಕ್ಕದಲ್ಲೇ, ಜಗಲಿಯ ಗೂಟದಲ್ಲಿ, ಹದಿನೈದು ದಿನದ ಹಿಂದಿನ ಭೂಮಿ ಹುಣ್ಣಿಮೆಗೆ ಬರೆದ ಬುಟ್ಟಿ ತೂಗುತ್ತಿತ್ತು. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆದದ್ದು. ದೀವರ ಸಮುದಾಯದ ಮನೆಗಳಲ್ಲಿ ಬಸುರಿ ಭೂಮಿಯ ಬಯಕೆಯ ಅಡುಗೆಯನ್ನು ಗದ್ದೆಗೆ ಒಯ್ಯುವ ಬುಟ್ಟಿ ಅದು. ಗೆರೆಗಳು ಒಂದೆಡೆ ಚೂರು ನಡುಗಿದ್ದವು, ಆದರೆ ಒಂದೂ ಇನ್ನೊಂದರ ಮೇಲೆ ಹತ್ತಿರಲಿಲ್ಲ.

“ಮತ್ತೊಮ್ಮೆ ಹೇಳು” ಎಂದರು ಅಜ್ಜಿ.

ಹುಡುಗ ಮೊಬೈಲ್ ನೋಡಿ ಹೇಳಿದ.

“ನಾನು ಮದುವೆಯಾಗಿ ಬಂದಾಗಿನಿಂದ ಈ ಪದಕ್ಕೆ ಎಣ್ಣೆ ಎರೆದಿದ್ದೇನೆ. ಯಾವ ಮಾವನೂ ಇಲ್ಲ, ಯಾವ ಮಕ್ಕಳೂ ಇಲ್ಲ. ಮಾವಿನಹಕ್ಕಲೆಳ್ಳು. ಮಾವಿನಹಕ್ಕಲಿನ ಎಳ್ಳು! ಅದರ ಎಣ್ಣೆ.”

ಹುಡುಗರು ಮುಖಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ಹಕ್ಕಲು ಎಂದರೆ ಕಾಡಂಚಿನ ಒಣಭೂಮಿ. ಕಣಿವೆಯ ಹಳೆಯ ಊರಿನಲ್ಲಿ ಗದ್ದೆಸಾಲಿನ ಮೇಲೆ ದೊಡ್ಡ ಮಾವಿನಮರವಿದ್ದ ಒಂದು ತುಂಡು ಜಾಗ ಮಾವಿನಹಕ್ಕಲು. ಅಜ್ಜಿಯ ಮಾವನದೇ ಅದು (ಅಷ್ಟರಮಟ್ಟಿಗೆ ನನ್ನ ಹಾಳೆಯಲ್ಲಿ ಮಾವ ಬಂದದ್ದು ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು). ಅಲ್ಲಿ ಎಳ್ಳು ಬಿತ್ತುತ್ತಿದ್ದರು, ಅದರ ಎಣ್ಣೆ ಊರ ದೀಪಕ್ಕೆ ಮೀಸಲು. ಹೊಸ ಸೊಸೆಯಾಗಿ ಒಂದೆರಡು ವರ್ಷ ಅಜ್ಜಿ ಅಲ್ಲಿ ಕಳೆ ಕಿತ್ತಿದ್ದಾರೆ. ಆಮೇಲೆ ಲಾರಿ ಬಂತು. ಹಕ್ಕಲು ನೀರಿನಡಿ ಹೋದ ಮೇಲೂ ಗಂಡಸರು ಇಲ್ಲಿ ಅದೇ ಪದ ಹಾಡಿದರು, ಹೆಂಗಸರು ಅಂಗಡಿಯ ಎಣ್ಣೆ ಎರೆದರು. ಹಾಡುವಾಗ ಅದು ‘ಮಾವ್ನಕ್ಕಲೆಳ್ಳ’ ಎಂದಾಗುತ್ತದೆ. ಅದೇ ನನ್ನ ಕಿವಿಗೆ ಮಾವನ ಮಕ್ಕಳೆಲ್ಲ ಆಗಿತ್ತು. ಮಾವಿನಹಕ್ಕಲು ಎಲ್ಲಿದೆಯೆಂದು ಹುಟ್ಟಿನಿಂದ ಗೊತ್ತಿರದ ಹುಡುಗರಿಗೂ ನನ್ನ ತಪ್ಪೇ ಹೆಚ್ಚು ಅರ್ಥವಾಗುತ್ತಿತ್ತು.

2010ರಲ್ಲಿ ಮೂರು ದಿನ ಈ ಊರಿನಲ್ಲಿದ್ದೆ. ಇದೇ ಅಜ್ಜಿ ನನಗೆ ಒಂದು ಹೊತ್ತು ಊಟಕ್ಕಿಕ್ಕಿದ್ದರು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಇದು ಗಂಡಸರ ಹಾಡು ತಾನೇ ಎಂಬ ಲೆಕ್ಕ. ಹಾಡುವವರು ಯಾರು ಎಂದು ವಿಚಾರಿಸಿದ್ದೆ. ಕೇಳುತ್ತ ಬಂದವರು ಯಾರು ಎಂದು ವಿಚಾರಿಸಲಿಲ್ಲ.

“ಸಾರ್, ಹಾಳೆಯಲ್ಲಿ ಹೀಗೆಯೇ ಇದೆಯಲ್ಲ?” ಎಂದ ಹುಡುಗ, ಅಪರಾಧ ಅವನದೇ ಎಂಬ ದನಿಯಲ್ಲಿ.

“ಹಾಳೆ ತಪ್ಪು” ಎಂದೆ. ಹೇಳಲು ಸುಲಭವಾಗಲಿಲ್ಲ.

ಅಜ್ಜಿಗೆ ನಮ್ಮ ಮುಜುಗರ ಬೇಕಿರಲಿಲ್ಲ. ಗಿಂಡಿಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು. “ಎಳ್ಳು ಅನ್ನದೆ ನಾನು ಎಣ್ಣೆ ಎರೆಯುವುದಿಲ್ಲ.” ಬತ್ತಿ ಆಗಲೇ ಕರಕಲಾಗಿ ಜ್ವಾಲೆ ಕೆಳಗಿಳಿದಿತ್ತು. ದೀಪದ ಹುಡುಗ ಗಾಬರಿಯಿಂದ “ಬೇಗ ಹಾಡಿರೋ” ಎಂದ. ಮೊದಲ ಸಲ ಅರ್ಧ ಜನ ಮಕ್ಕಳೆಂದರು, ಅರ್ಧ ಜನ ಎಳ್ಳೆಂದರು. ಅಜ್ಜಿ ತಲೆ ಅಲ್ಲಾಡಿಸಿದರು. ಎರಡನೆಯ ಸಲ ಒಬ್ಬನಿಗೆ ನಗು ಬಂದು ಸಾಲು ಹರಿಯಿತು. ಮೂರನೆಯ ಸಲ ಸರಿಹೋಯಿತು. ಅಜ್ಜಿ ಎರೆದ ಎಣ್ಣೆ ಬತ್ತಿಯ ಬುಡ ಸೇರಿ ಚಿಟಪಟ ಎಂದು ಜ್ವಾಲೆ ಮೇಲೆದ್ದಿತು.

ಬೆಳಗಿನ ಜಾವದವರೆಗೆ ಅವರ ಹಿಂದೆಯೇ ನಡೆದೆ. ಮುಂದಿನ ಮನೆಗಳಲ್ಲಿ ಒಮ್ಮೆ ಎಳ್ಳು, ಒಮ್ಮೆ ಮಕ್ಕಳು. ನಿದ್ದೆ ಕಟ್ಟಿದಂತೆಲ್ಲ ಮಕ್ಕಳೇ ಮುಂದಾದರು. ಕಲಿತ ಬಾಯಿ ಎಲ್ಲಿ ಬಿಡುತ್ತದೆ.

ಸಾಗರಕ್ಕೆ ಹಿಂದಿರುಗಿ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಪೆನ್ಸಿಲಿನಲ್ಲಿ ‘ಮಾವ್ನಕ್ಕಳೆಲ್ಲ’ ಎಂದಿತ್ತು, ಪಕ್ಕದಲ್ಲಿ ಪುಟ್ಟದೊಂದು ಪ್ರಶ್ನಾರ್ಥಕ ಚಿಹ್ನೆ. ಶುದ್ಧಪ್ರತಿ ಮಾಡುವಾಗ ಅದನ್ನು ಬಿಟ್ಟು, ಒಂದು ‘ಮ’ ಸೇರಿಸಿ, ಸಾಲನ್ನು ತಿದ್ದಿದ್ದೆ. ಮಕ್ಕಳ ಕಾಪಿ ಪುಸ್ತಕ ತಿದ್ದಿ ತಿದ್ದಿ ಬಂದ ಚಾಳಿ. ರೆಕಾರ್ಡಿಂಗ್ ಹಾಕಿ ಕೇಳಿದೆ. ಎಳ್ಳು ಎಂದು ಗೊತ್ತಾದ ಮೇಲೆ ಎಳ್ಳಲ್ಲದೆ ಬೇರೇನೂ ಕೇಳಿಸಲಿಲ್ಲ, ಕೋಳಿಯ ಗದ್ದಲದ ನಡುವೆಯೂ.

ಹೊಸ ಹಾಳೆ ಟೈಪ್ ಮಾಡಿಸಿಕೊಂಡು ಸಂಕ್ರಾಂತಿ ಕಳೆದು ಮತ್ತೆ ಹೋದೆ. ಈ ಸಲ ಹುಡುಗರ ಬಳಿಗಲ್ಲ, ಅಜ್ಜಿಯ ಬಳಿಗೆ. ಅವರು ಅಂಗಳದಲ್ಲಿ ಅಡಕೆ ಸುಲಿಯುತ್ತಿದ್ದರು. ಹಳೆಯ ಊರಿನಲ್ಲಿ ಇನ್ನೂ ಯಾವ ಯಾವ ಗದ್ದೆ, ಹಕ್ಕಲು ಇದ್ದವು ಎಂದು ಕೇಳಿದೆ. ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ, ಮನೆಯ ಬಾಗಿಲಿನಿಂದ ಹೊಳೆಯ ಕಡೆಗೆ ನಡೆದುಹೋದಂತೆ ಒಂದೊಂದಾಗಿ ಹೇಳಿದರು: ಬಾಗಿಲಗದ್ದೆ, ಕೊಟ್ಟಿಗೆಹಿಂದಲು, ಹುಣಸೆಮಕ್ಕಿ, ಜೋಡುಹಳ್ಳ, ಚೌಡಿಬನ, ಹೊಳೆಸಾಲು. ಒಟ್ಟು ಹತ್ತೊಂಬತ್ತು. ಈ ಸಲ ಕೇಳಿಸಿದ ಹಾಗೆಯೇ ಬರೆದುಕೊಂಡೆ, ಅನುಮಾನ ಬಂದಲ್ಲಿ ಚಿಹ್ನೆ ಹಾಕಿ ಹಾಗೆಯೇ ಬಿಟ್ಟೆ.

“ಇನ್ನೊಂದಿತ್ತು” ಎಂದು ಅಜ್ಜಿ ಕೈ ನಿಲ್ಲಿಸಿದರು. “ಚೌಡಿಬನದ ಕೆಳಗೆ, ನೀರು ಜಿನುಗುವ ಜಾಗ. ಹೆಸರು ಬಾಯಿಯಲ್ಲೇ ಇದೆ, ಬರುತ್ತಿಲ್ಲ.”

ಹತ್ತು ದಿನ ಕಳೆದು ಒಂದು ಸಂಜೆ, ಶಾಲೆಯಿಂದ ಬಂದು ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು. ಅವರ ಮೊಮ್ಮಗ.

“ಸಾರ್, ಅಜ್ಜಿ ‘ಒರತೆಗುಂಡಿ’ ಎಂದು ಹೇಳು ಎಂದರು. ಅಷ್ಟೇ. ಬರೆದುಕೊಂಡಿರಾ ಎಂದು ಕೇಳುತ್ತಿದ್ದಾರೆ.”